ರಾಣಿ ರೂಪಾಯಿಯ ಬಣ್ಣ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವುಳ್ಳವನು ಹಳ್ಳಿಯಲ್ಲಿ ಮನೆ ಮಾಡಬಾರದು. ಪಟ್ಟಣದಲ್ಲಾದರೆ ಅವನನ್ನು ಜನ ಸಂಗ್ರಾಹಕನೆಂದು ಗೌರವಿಸುವರು, ಇಲ್ಲವೆ ಅವನ ಗೊಡವೆಗೆ ಹೋಗದೆ ಇರುವರು. ನಮ್ಮ ಮುಶಿಗೇರಿಯಲ್ಲಿ ಹಾಗಲ್ಲ. ಇಲ್ಲಿ ಹಳೆಯ ರೂಪಾಯಿಯನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುವವನಿಗೆ ಹಗೇವಿನಲ್ಲಿ ಕೊಪ್ಪರಿಗೆ ಸಿಕ್ಕಿರಬೇಕೆಂಬುದೇ ಊರವರ ತೀರ್ಮಾನ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ದೊರೆತ ಕೊಪ್ಪರಿಗೆಯೆಂದರೆ ಒಂದು ತಗಡಿನ ಡಬ್ಬಿ. ಅದರಲ್ಲಿ ನೂರಾಹನ್ನೊಂದು ನಾಣ್ಯಗಳು. ಬಹುಪಾಲು ಕಂಪನಿಯ ಹಾಗೂ ರಾಣಿಯ ಕಾಲದವು. ಬೆಲೆಬಾಳುವವು ಅವುಗಳಲ್ಲಿ ನಾಲ್ಕೋ ಐದೋ. ಉಳಿದವನ್ನು ಪತ್ತಾರನು ಬೆಳ್ಳಿಯ ತೂಕಕ್ಕೆ ಹಾಕಿಕೊಂಡರೆ ನಾನು ತಕರಾರು ಹೇಳುವಂತಿಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಆ ಡಬ್ಬಿಯ ನಾಣ್ಯವಲ್ಲ, ನಮ್ಮ ಓಣಿಯ ಅಜ್ಜಿಯೊಬ್ಬಳ ಒಂದೇ ಒಂದು ರೂಪಾಯಿ. ಅಜ್ಜಿ ಈಗಿಲ್ಲ. ಅವಳ ಮೊಮ್ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ಅವನ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾನೆ.

ಕೆಲವು ವರ್ಷಗಳ ಹಿಂದೆ, ಮುಂಗಾರಿನ ಬಿತ್ತನೆ ಮುಗಿದ ದಿನಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ ಅಜ್ಜಿ ನಮ್ಮ ಮನೆಗೆ ಬಂದಳು. ಸೆರಗಿನ ತುದಿಯಲ್ಲಿದ್ದ ಸಣ್ಣ ಅರಿವೆಯ ಗಂಟನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಒಂದು ರೂಪಾಯಿಯನ್ನಿಟ್ಟಳು. ಹುಡುಗ ಒಳಗೆ ಬರದೆ ಕಟ್ಟೆಯ ಮೇಲೆಯೇ ಕುಳಿತಿದ್ದ.

"ಮಾಸ್ತರ, ಇದನ್ನಿಷ್ಟು ನೋಡಿ ಹೇಳ್ರಿ. ಪ್ಯಾಟಿ ಯಾಪಾರಿ ಇಪ್ಪತ್ತ ಸಾವಿರ ಕೊಡತಾನಂತ. ಆದರ ಈ ಬಣ್ಣಾ ಖರೇ ಐತಿ ಅಂತ ತಿಳದವರು ಯಾರರ ಚೀಟಿ ಬರದು ಕೊಡಬೇಕಂತ. ಹುಡುಗನ ಕಾಲೇಜಿನ ಫೀ ಕಟ್ಟೂದೈತಿ."

ನಾನು ನಾಣ್ಯವನ್ನು ದೀಪದ ಕೆಳಗೆ ಹಿಡಿದೆ. ೧೮೪೦ರ ಕಂಪನಿ ರೂಪಾಯಿ. ಒಂದು ಮಗ್ಗುಲಿಗೆ ಎಳೆವಯಸ್ಸಿನ ವಿಕ್ಟೋರಿಯಾ ರಾಣಿಯ ಮುಖ. ಇನ್ನೊಂದು ಮಗ್ಗುಲಿಗೆ ಎಲೆಬಳ್ಳಿಯ ವರ್ತುಲದ ನಡುವೆ ಇಂಗ್ಲಿಷಿನಲ್ಲಿಯೂ ಪಾರಸಿ ಲಿಪಿಯಲ್ಲಿಯೂ 'ಒಂದು ರೂಪಾಯಿ' ಎಂಬ ಬರಹ. ಇಂಥವು ಅಪರೂಪವೇನಲ್ಲ. ಅಪರೂಪವಾದದ್ದು ಅದರ ಬಣ್ಣ. ರಾಣಿಯ ಕೆನ್ನೆಯ ಮೇಲೆ ಗಾಢವಾದ ನೀಲಿ, ಕೊರಳ ಬಳಿ ನೇರಳೆ, ಅಂಚಿನಲ್ಲಿ ಅಲ್ಲಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು. ನವಿಲುಗರಿಯ ಕಣ್ಣನ್ನೇ ಕತ್ತರಿಸಿ ಬೆಳ್ಳಿಯ ಮೇಲೆ ಅಂಟಿಸಿದಂತಿತ್ತು. ಒಂದು ಕ್ಷಣ ನನ್ನ ಎದೆ ಹಾರಿದ್ದು ಸುಳ್ಳಲ್ಲ. "ನಾಳೆ ಮುಂಜಾನೆ ಹೇಳತೀನಿ ಯವ್ವಾ" ಎಂದು ನಾಣ್ಯವನ್ನು ಇರಿಸಿಕೊಂಡೆ.

ಮುಂದಿನ ಕಥೆಗೆ ಮೊದಲು ಈ ರೂಪಾಯಿಗಳ ಪೂರ್ವಾಪರವನ್ನೂ ಅವುಗಳ ಬಣ್ಣದ ಮರ್ಮವನ್ನೂ ಓದುಗರು ಸ್ವಲ್ಪ ತಿಳಿಯಬೇಕು.

ಕಂಪನಿ ಸರಕಾರವು ಹಿಂದೂಸ್ತಾನದ ತನ್ನ ಪ್ರಾಂತಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿದ್ದು ೧೮೩೫ರಲ್ಲಿ. ತೂಕ ೧೮೦ ಗ್ರೇನ್, ಅಂದರೆ ಇಂದಿನ ಲೆಕ್ಕದಲ್ಲಿ ೧೧.೬೬ ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಆ ತೂಕವೇ ಒಂದು ತೊಲ; ಎಂಬತ್ತು ತೊಲಕ್ಕೆ ಒಂದು ಸೇರು. ಆದ್ದರಿಂದ ಹಳ್ಳಿಯ ಅಂಗಡಿಕಾರನಿಗೆ ರೂಪಾಯಿ ಹಣವೂ ಹೌದು, ತೂಕದ ಕಲ್ಲೂ ಹೌದು. ಆ ನಾಣ್ಯದ ಮೇಲಿನ ಇಸವಿಯನ್ನು ಮಾತ್ರ ಹುಟ್ಟಿದ ವರ್ಷವೆಂದು ನಂಬಬಾರದು. ೧೮೪೦ ಎಂದು ಅಚ್ಚಾದ ರೂಪಾಯಿಯನ್ನು ಟಂಕಸಾಲೆಗಳು ಅದೇ ಇಸವಿಯಲ್ಲಿ ಎರಡು ದಶಕಗಳ ಕಾಲ ಹೊಡೆಯುತ್ತಲೇ ಇದ್ದವು. ೧೮೬೨ರ ರೂಪಾಯಿಯದೂ ಅದೇ ಪಾಡು. ಅದು ಕೂಡ ಹತ್ತಕ್ಕೆ ಮಿಕ್ಕಿದ ವರ್ಷಗಳವರೆಗೆ ತನ್ನ ವಯಸ್ಸನ್ನು ಮುಚ್ಚಿಟ್ಟುಕೊಂಡಿತು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬನು ಬಂಡೆದ್ದು, ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ತಲೆ ಉರುಳಿದಾಗ, ಈ ಸೀಮೆಯ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಈ ೧೮೪೦ರ ರಾಣಿಯೇ.

ಆಮೇಲೆ ಬೆಳ್ಳಿಯ ಹೊಳೆ ಹರಿದದ್ದು ಹತ್ತಿಯಿಂದ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಎರೆನೆಲದ ಹತ್ತಿಗೆ ಕಂಡರಿಯದ ಬೆಲೆ ಬಂತು. ಅಂದು ರೋಣ, ಗದಗು, ನರಗುಂದಗಳ ಕಡೆಗೆ ಬಂದ ರೂಪಾಯಿಗಳಲ್ಲಿ ಒಂದು ಪಾಲು ಮರಳಿ ಹೋಗಲಿಲ್ಲ. ಕೆಲವು ಗೋಡೆಯ ಗೂಡು ಸೇರಿದವು, ಕೆಲವು ಗಡಿಗೆಯಲ್ಲಿ ನೆಲ ಸೇರಿದವು, ಕೆಲವು ಲಂಬಾಣಿ ಹೆಂಗಸರ ಕೊರಳಿನ ಸರಗಳಾದವು. ೧೯೪೦ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ೧೯೪೧ರಿಂದ ೧೯೪೩ರೊಳಗೆ ಹಳೆಯ ಒಳ್ಳೆಯ ಬೆಳ್ಳಿಯ ರೂಪಾಯಿಗಳ ಚಲಾವಣೆಯನ್ನೇ ರದ್ದುಮಾಡಿ ಅವನ್ನು ಮರಳಿ ಕೇಳಿತು. ಕೇಳಿದ ಮಾತ್ರಕ್ಕೆ ಕೊಡುವ ಜನವೆ ನಮ್ಮದು? ಇಂದಿಗೂ ನಮ್ಮ ಹಳ್ಳಿಗಳ ದೇವರ ಜಗಲಿಯ ಮೇಲೆ ರಾಣಿ ಕುಳಿತಿರುವುದು ಆ ಅವಿಧೇಯತೆಯ ಫಲ.

ಇಲ್ಲೊಂದು ಸಣ್ಣ ಮುನಿಸನ್ನು ಹೇಳಿಬಿಡುತ್ತೇನೆ. ೧೯೦೭ರಲ್ಲಿ ಬಂದ ಅಲೆಯಂಚಿನ ಒಂದಾಣೆಯ ಮೇಲೆ ದೇವನಾಗರಿ, ಬಂಗಾಲಿ, ಉರ್ದು, ತೆಲುಗು ಈ ನಾಲ್ಕು ಲಿಪಿಗಳಲ್ಲಿ ಬೆಲೆಯನ್ನು ಬರೆದರು. ಕನ್ನಡಕ್ಕೆ ಎಡೆ ಸಿಗಲಿಲ್ಲ. ನಮ್ಮ ಮಗ್ಗುಲಿನ ಲಕ್ಕುಂಡಿಯಲ್ಲಿ, ಅಂದಿನ ಲೊಕ್ಕಿಗುಂಡಿಯಲ್ಲಿ, ಚಾಲುಕ್ಯರ ಕಾಲಕ್ಕೇ ಟಂಕಸಾಲೆಯಿತ್ತು. ಲೊಕ್ಕಿ ಗದ್ಯಾಣವೆಂದರೆ ಶಾಸನಗಳಲ್ಲಿ ಹೆಸರಾದ ನಾಣ್ಯ. ಆ ನೆಲದ ನುಡಿಗೆ ಒಂದಾಣೆಯ ಮೇಲೆ ಅಂಗೈಯಷ್ಟಲ್ಲ, ಎಳ್ಳಿನಷ್ಟು ಜಾಗವಿರಲಿಲ್ಲ! ಇರಲಿ, ಬಣ್ಣದ ಮಾತಿಗೆ ಬರೋಣ.

ಬೆಳ್ಳಿಗೆ ಗಂಧಕವೆಂದರೆ ಬಲು ಸೆಳೆತ. ಗಾಳಿಯಲ್ಲಿ ಲವಲೇಶವಾಗಿ ಬೆರೆತಿರುವ ಗಂಧಕದ ಅನಿಲವನ್ನು ಅದು ಮೆಲ್ಲಮೆಲ್ಲನೆ ಹಿಡಿದುಕೊಳ್ಳುತ್ತದೆ. ಮೈಮೇಲೆ ಬೆಳ್ಳಿಯ ಸಲ್ಫೈಡಿನ ತೆಳುಪೊರೆಯೊಂದು ಹುಟ್ಟುತ್ತದೆ. ಪೊರೆ ದಪ್ಪವಾದರೆ ಬರಿಯ ಕಪ್ಪು. ಆದರೆ ಅದು ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗಕ್ಕೂ ತೆಳುವಾಗಿರುವಾಗ ಒಂದು ವಿಚಿತ್ರ ನಡೆಯುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆಯ ಹನಿ ಬಿದ್ದಾಗ ಏಳುವ ಬಣ್ಣಗಳನ್ನು ನೋಡಿದ್ದೀರಷ್ಟೆ? ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುತ್ತವೆ. ಬೆಳ್ಳಿಯ ಮೇಲೆ ನಡೆಯುವುದೂ ಅದೇ ಆಟ. ಪೊರೆ ಬೆಳೆದಂತೆ ಬಣ್ಣ ಬದಲಾಗುತ್ತದೆ, ಅದಕ್ಕೊಂದು ಕ್ರಮವುಂಟು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಜೇನಿನ ಬಣ್ಣ, ಅನಂತರ ಕೆಂಪು, ನೇರಳೆ, ನೀಲಿ. ಆಮೇಲೆ ಮತ್ತೊಂದು ಸುತ್ತು ಹಳದಿ, ಕೆಂಪು, ಹಸಿರು. ಹಳದಿಯಿಂದ ನೀಲಿಗೆ ಹೋಗಬೇಕಾದರೆ ಕೆಂಪಿನ ಮನೆಯನ್ನು ಹಾಯ್ದೇ ಹೋಗಬೇಕು. ನಿಸರ್ಗವು ಈ ಮೆಟ್ಟಿಲುಗಳಲ್ಲಿ ಒಂದನ್ನೂ ಬಿಟ್ಟು ಹತ್ತುವುದಿಲ್ಲ.

ನನ್ನ ಡಬ್ಬಿಯಲ್ಲಿ ಇದಕ್ಕೆ ಒಂದು ಸಾಕ್ಷಿಯಿದೆ. ೧೯೦೦ನೆಯ ಇಸವಿಯ ರೂಪಾಯಿ, ನನ್ನ ಮುತ್ತಜ್ಜನದು. ಅದನ್ನು ಆತ ಕರಿಯ ಕಂಬಳಿಯ ತುಂಡಿನಲ್ಲಿ ಸುತ್ತಿ ಹೊಲಿದು, ಜಂತಿಯ ಸಂದಿನಲ್ಲಿ ಸಿಕ್ಕಿಸಿ, ಯಾರಿಗೂ ಹೇಳದೆ ತೀರಿಕೊಂಡ. ಮಾಳಿಗೆಯ ಮಣ್ಣು ತೆಗೆಸುವಾಗ ನಮ್ಮ ತಂದೆಯ ಕಾಲಕ್ಕೆ ಅದು ಹೊರಬಂತು. ಉಣ್ಣೆಯಲ್ಲಿ ಗಂಧಕದ ಅಂಶವಿದೆ. ಆದ್ದರಿಂದಲೇ ಉಣ್ಣೆಯಲ್ಲಿ ಬೆಳ್ಳಿಯನ್ನು ಇಡಬಾರದೆಂದು ತಿಳಿದವರು ಹೇಳುವುದು. ಮುತ್ತಜ್ಜನಿಗೆ ಅದು ತಿಳಿಯದಿದ್ದದ್ದು ನನ್ನ ಭಾಗ್ಯ. ಆ ರೂಪಾಯಿಯ ಅಂಚಿನಲ್ಲಿ ನೀಲಿಯ ಸಣ್ಣ ಬಳೆ, ಅದರೊಳಗೆ ನೇರಳೆ, ಅದರೊಳಗೆ ಕೆಂಪು, ಮತ್ತೆ ಜೇನು, ನಡುವೆ ರಾಣಿಯ ಮುಖದಲ್ಲಿ ತೆಳು ಹಳದಿ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂದು ಬೆರಳಿಟ್ಟು ತೋರಿಸಲು ಬಾರದು. ಕಂಬಳಿಗೆ ಒತ್ತಿ ಕುಳಿತ ಮಗ್ಗುಲು ಗಾಢ. ಇನ್ನೊಂದು ಮಗ್ಗುಲು ಪೇಲವ. ಅಕ್ಷರಗಳ ಬುಡದಲ್ಲಿ ಬಣ್ಣವು ಹಿಂಜರಿದು ನಿಂತಿದೆ. ನಾಣ್ಯವನ್ನು ಹೊರಳಿಸಿದರೆ ಬಣ್ಣದ ಅಡಿಯಿಂದ ಬೆಳ್ಳಿಯ ಹೊಳಪು ಗಾಲಿಯ ಅರಗಳಂತೆ ಸುತ್ತುತ್ತದೆ. ಬಣ್ಣ ಬೆಳ್ಳಿಯ ಮೇಲಿಲ್ಲ, ಬೆಳ್ಳಿಯೊಳಗಿಂದ ಬಂದಿದೆ ಎನ್ನಿಸುತ್ತದೆ.

ಇಂಗ್ಲೆಂಡಿನ ಸಂಗ್ರಾಹಕರು ಇಂಥ ಬಣ್ಣವನ್ನು ಬಹಳ ಹಿಂದಿನಿಂದ ಮೆಚ್ಚಿಕೊಂಡವರು. ಮಹಾಗನಿ ಮರದ ಕಪಾಟುಗಳಲ್ಲಿ, ಸಣ್ಣ ಗುಳಿಗಳುಳ್ಳ ತಟ್ಟೆಗಳಲ್ಲಿ ಅವರು ನಾಣ್ಯಗಳನ್ನು ಮಲಗಿಸುತ್ತಿದ್ದರು; ಓಕ್ ಮರವನ್ನು ದೂರವಿಡುತ್ತಿದ್ದರು, ಅದರಿಂದ ಹೊರಡುವ ಆಮ್ಲದ ಆವಿ ಲೋಹಕ್ಕೆ ಕೇಡು. ಅಮೆರಿಕದಲ್ಲಿ ಈ ಹುಚ್ಚು ಇನ್ನೂ ಹೆಚ್ಚು. ಅಲ್ಲಿಯ ಮಾರ್ಗನ್ ಡಾಲರ್ ಎಂಬ ಬೆಳ್ಳಿಯ ನಾಣ್ಯಗಳು ಖಜಾನೆಯ ದಪ್ಪ ಬಟ್ಟೆಯ ಚೀಲಗಳಲ್ಲಿ ದಶಕಗಟ್ಟಲೆ ಕೊಳೆತವು. ಬಟ್ಟೆಗೆ ತಾಗಿದವು ಕಾಮನಬಿಲ್ಲಾದವು, ಕೆಲವುಗಳ ಮೇಲೆ ನೇಯ್ಗೆಯ ಗುರುತೇ ಮೂಡಿತು. ಅಂಥವಕ್ಕೆ ಇಂದು ಅಲ್ಲಿ ಬರಿಯ ಬಿಳಿಯ ಡಾಲರಿಗಿಂತ ಎಷ್ಟೋ ಪಟ್ಟು ಬೆಲೆ. ಅದರ ಒಡಹುಟ್ಟುಗಳ ಗತಿ ಏನಾಯಿತು ಗೊತ್ತೆ? ೧೯೧೮ರಲ್ಲಿ, ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ಹಿಂದೂಸ್ತಾನದಲ್ಲಿ ರೂಪಾಯಿಗೆ ಬೆಳ್ಳಿಯ ಬರ ಬಂತು. ಅಮೆರಿಕವು ಪಿಟ್‌ಮನ್ ಕಾಯಿದೆಯನ್ನು ಮಾಡಿ ೨೭ ಕೋಟಿಗೂ ಹೆಚ್ಚು ಬೆಳ್ಳಿಯ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಭಾಗ ನಮ್ಮ ಟಂಕಸಾಲೆಗಳಿಗಾಗಿ ಹಡಗು ಹತ್ತಿತು. ಅಂದರೆ ಐದನೆಯ ಜಾರ್ಜನ ಕೊನೆಕೊನೆಯ ರೂಪಾಯಿಗಳಲ್ಲಿ ಹರಿದಿರುವುದು ಆ ಡಾಲರುಗಳ ರಕ್ತವೇ. ಚೀಲದಲ್ಲಿ ಉಳಿದ ಅಣ್ಣ ಕಾಮನಬಿಲ್ಲಾದ; ಇಲ್ಲಿಗೆ ಬಂದ ತಮ್ಮನಿಗೆ ಹುಣಿಸೆಹಣ್ಣು ಕಾದಿತ್ತು.

ಹುಣಿಸೆಹಣ್ಣಿನ ಮಾತನ್ನು ವಿವರಿಸಲೇಬೇಕು. ನಮ್ಮ ದೇಶದ ನಾಣ್ಯಗಳ ಇತಿಹಾಸದಲ್ಲಿ ಅದರ ಪಾತ್ರ ವೈಸರಾಯರ ಪಾತ್ರಕ್ಕಿಂತ ಕಿರಿದಲ್ಲ. ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ಪೂಜೆಗೆ ಬೆಳ್ಳಿಯ ರೂಪಾಯಿ ಬೇಕು, ಅದು ಬೆಳ್ಳಗಿರಬೇಕು. ಹುಣಿಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆಯೇ ಹೊರತು ಬೆಳ್ಳಿಯ ಕಪ್ಪನ್ನು ಕರಗಿಸದು. ಅದನ್ನು ಕೀಳುವುದು ಒಲೆಯ ಬೂದಿಯ ತಿಕ್ಕಾಟ. ಬೂದಿಯಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಪೊರೆಯಲ್ಲಿ ಗಂಧಕದೊಡನೆ ಕೂಡಿಕೊಂಡಿದ್ದ ಬೆಳ್ಳಿಯೂ ಆ ಕಪ್ಪಿನ ಜೊತೆಗೇ ಹೋಗುತ್ತದೆ. ವರ್ಷಕ್ಕೊಮ್ಮೆಯಂತೆ ನೂರು ವರ್ಷ ಹೀಗೆ ತಿಕ್ಕಿದರೆ ರಾಣಿಯ ಹುಬ್ಬು, ಕೆನ್ನೆ, ಕಿವಿಯ ಮೇಲಿನ ಕೂದಲು ಎಲ್ಲ ನುಣ್ಣಗಾಗಿ, ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಕೂದಲೆಳೆಯಂಥ ಗೀರುಗಳು. ಸಂಗ್ರಾಹಕನ ಕಣ್ಣಿಗೆ ಇದು ಅನ್ಯಾಯ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ನಮ್ಮ ಅವ್ವನೊಡನೆ ಈ ವಿಷಯಕ್ಕೆ ಜಗಳ ತೆಗೆದವನು ನಾನು. ಅವಳ ವಾದ ಸರಳ: ಲಕ್ಷ್ಮಿಗೆ ಹೊಲಸು ಮುಖವಿಟ್ಟು ಕೂಡಿಸುವರೆ?

ಈ ಕಾರಣದಿಂದ ನಮ್ಮಲ್ಲಿ ತನ್ನಷ್ಟಕ್ಕೆ ತಾನೇ ಬಣ್ಣಗಟ್ಟಿದ ಬೆಳ್ಳಿಯ ರೂಪಾಯಿ ಸಿಗುವುದು ದುರ್ಲಭ. ದುರ್ಲಭವಾದದ್ದಕ್ಕೆ ಬೆಲೆ, ಬೆಲೆಯಿದ್ದಲ್ಲಿ ಕೈಚಳಕ. ಗಂಧಕದ ಪುಡಿ, ಕಾವು, ಬಗೆಬಗೆಯ ರಸಾಯನಗಳು, ಎಲ್ಲವನ್ನೂ ಬಲ್ಲ ಜನ ಪೇಟೆಯಲ್ಲಿದ್ದಾರೆ. ನೂರು ವರ್ಷದ ಕೆಲಸವನ್ನು ಅವರು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲರು. (ರಾಮ, ಹನುಮಂತರ ಚಿತ್ರವುಳ್ಳ, ೧೮೧೮ ಎಂದು ಬರೆದ, ಕಂಪನಿಯದೆಂದು ಹೇಳಿ ಲಕ್ಷಗಟ್ಟಲೆ ಬೆಲೆ ಕಟ್ಟುವ ತುಣುಕುಗಳ ಕಥೆ ಇದಕ್ಕಿಂತ ಕೀಳಾದದ್ದು. ಕಂಪನಿ ಸರಕಾರ ಅಂಥ ನಾಣ್ಯವನ್ನು ಎಂದೂ ಹೊಡೆಯಲಿಲ್ಲ. ಅವು ಗುಡಿಯ ಬಿಲ್ಲೆಗಳು. ಅವು ಅಕ್ಕಿಕಾಳನ್ನು ಸೆಳೆಯುವವೆಂದು ನಂಬಿ ಹೊಲ ಮಾರಿ ಹಾಳಾದವರೂ ಉಂಟು.) ತಮಾಷೆಯೆಂದರೆ ಕೃತಕ ಬಣ್ಣವೂ ಅದೇ ಬೆಳ್ಳಿಯ ಸಲ್ಫೈಡೇ. ರಸಾಯನ ಶಾಸ್ತ್ರವನ್ನು ಕೇಳಿದರೆ ಎರಡಕ್ಕೂ ಒಂದೇ ಹೆಸರು ಹೇಳುತ್ತದೆ. ೧೯೮೬ರಲ್ಲಿ ಅಮೆರಿಕದಲ್ಲಿ ಮೊದಲಾದ ಪಿ.ಸಿ.ಜಿ.ಎಸ್. ಎಂಬ ಸಂಸ್ಥೆ ನಾಣ್ಯಗಳ ದರ್ಜೆಯನ್ನು ನಿಶ್ಚಯಿಸಿ ಗಾಜಿನಂಥ ಕೋಶದಲ್ಲಿ ಮುಚ್ಚಿ ಕೊಡುತ್ತದೆ. ಅಲ್ಲಿಯ ಪರೀಕ್ಷಕರು ಕೂಡ 'ಇದು ಕೃತಕ' ಎಂದು ಆಣೆಯಿಟ್ಟು ಹೇಳುವುದಕ್ಕಿಂತ 'ಬಣ್ಣ ಸಂಶಯಾಸ್ಪದ' ಎಂದು ಬರೆಯುವುದನ್ನೇ ಲೇಸೆನ್ನುತ್ತಾರೆ. ಗಂಧಕವುಳ್ಳ ಕಾಗದದ ಲಕೋಟೆಯಲ್ಲಿ ಒಬ್ಬನು ತಿಳಿಯದೆ ಇಪ್ಪತ್ತು ವರ್ಷ ಇಟ್ಟರೆ ಅದು ನಿಸರ್ಗ, ಇನ್ನೊಬ್ಬನು ತಿಳಿದು ಎರಡು ವರ್ಷ ಇಟ್ಟರೆ ಅದು ಮೋಸವೆ? ಈ ಪ್ರಶ್ನೆಗೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಒಂದು ಮಾತ್ರ ಬಲ್ಲೆ: ಆತುರವು ತನ್ನ ಗುರುತನ್ನು ಬಿಟ್ಟೇ ಬಿಡುತ್ತದೆ.

ಆ ರಾತ್ರಿ ಅಜ್ಜಿಯ ರೂಪಾಯಿಯನ್ನು ಮೇಜಿನ ಮೇಲಿಟ್ಟುಕೊಂಡು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡುತ್ತ ಕುಳಿತೆ. ನಾಣ್ಯ ಖೊಟ್ಟಿಯಲ್ಲ. ತೂಕ ಹನ್ನೊಂದೂಕಾಲು ಗ್ರಾಂ ಬಂತು, ಸವೆದ ರೂಪಾಯಿಗೆ ಅದು ತಕ್ಕದ್ದೇ. ಅಂಚಿನ ಗೆರೆಗಳು ಸರಿಯಾಗಿವೆ. ಆದರೆ ಬಣ್ಣ ಒಂದೊಂದಾಗಿ ತನ್ನ ಗುಟ್ಟನ್ನು ಬಿಡತೊಡಗಿತು. ಅಂಚಿನಿಂದ ನಡುವಿಗೆ ಮೆಲ್ಲನೆ ಇಳಿಯಬೇಕಾದ ಬಣ್ಣ ಇಲ್ಲಿ ತೇಪೆತೇಪೆಯಾಗಿ ಬಿದ್ದಿದೆ. ನೀಲಿಯ ಮಗ್ಗುಲಿಗೇ ಹಳದಿ. ನಡುವೆ ಕೆಂಪು ಬೇಕಿತ್ತು, ಅದಿಲ್ಲ. ಎರಡು ಮಗ್ಗುಲುಗಳೂ ಒಂದೇ ಸಮನಾಗಿ ಗಾಢ. ಯಾವ ಮಗ್ಗುಲಿನ ಮೇಲೂ ಈ ನಾಣ್ಯ ಮಲಗಿ ನಿದ್ರಿಸಿದ ಗುರುತಿಲ್ಲ. ಬಹು ತೀವ್ರವಾದ ನೀಲಿ ಇರುವುದು ರಾಣಿಯ ಕೆನ್ನೆಯ ಮೇಲೆ, ಎಂದರೆ ಎಲ್ಲಕ್ಕಿಂತ ಹೆಚ್ಚು ಸವೆದ ಉಬ್ಬಿನಲ್ಲಿ. ಬೆರಳೂ ಬೂದಿಯೂ ದಿನಗಳೆದಂತೆ ಮೊದಲು ಅಳಿಸುವುದು ಆ ಜಾಗವನ್ನೇ ಅಲ್ಲವೆ? ಇನ್ನು ಬೂದಿಯ ಗೀರುಗಳು. ಬಣ್ಣಗಟ್ಟಿದ ಮೇಲೆ ತಿಕ್ಕಿದ್ದರೆ ಗೀರು ಬಣ್ಣವನ್ನು ಕಡಿದು ಬೆಳ್ಳಗೆ ಕಾಣಬೇಕಿತ್ತು. ಇಲ್ಲಿ ಬಣ್ಣವೇ ಗೀರಿನೊಳಗೆ ಇಳಿದು ಕುಳಿತಿದೆ. ತಿಕ್ಕಿದ್ದು ಮೊದಲು, ಬಣ್ಣ ಆಮೇಲೆ.

ಇಷ್ಟಾದರೂ ನಾನು ದೀಪವನ್ನು ಆರಿಸಲಿಲ್ಲ. ನಿಜವನ್ನೇ ಹೇಳುತ್ತೇನೆ. ಚೀಟಿ ಬರೆಯಲು ನನಗೆ ಬೇಕಾದದ್ದು ಒಂದು ಹಾಳೆ. 'ಬಣ್ಣ ಸಹಜವೆಂದು ನನಗೆ ತೋರುತ್ತದೆ' ಎಂದು ಬರೆದರೆ ಯಾರೂ ನನ್ನನ್ನು ಕೋರ್ಟಿಗೆಳೆಯುವಂತಿಲ್ಲ. ಕೊಳ್ಳುವವನು ಪೇಟೆಯ ವ್ಯಾಪಾರಿ. ಅವನು ಅದನ್ನು ಇನ್ನೊಬ್ಬನಿಗೆ ಇನ್ನೂ ಹೆಚ್ಚಿಗೆ ಮಾರುವನು. ಆ ಇನ್ನೊಬ್ಬನು ಹಣವುಳ್ಳವನೇ ಇರಬೇಕು. ಇತ್ತ ಜಾಣ ಹುಡುಗನೊಬ್ಬ ಕಾಲೇಜಿಗೆ ಹೋಗುವನು. ಹಣವುಳ್ಳ ಆ ಅಪರಿಚಿತನ ಮೇಲೆ ನನಗೆ ಅದೆಂಥ ಕರುಣೆ? ಹೀಗೆ ನನ್ನೊಡನೆ ನಾನೇ ವಾದ ಮಾಡುತ್ತ ಬಹಳ ಹೊತ್ತು ಕುಳಿತೆ. ಬರೆಯದೆ ಇದ್ದದ್ದಕ್ಕೆ ಸತ್ಯನಿಷ್ಠೆಯೇ ಕಾರಣವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಮುತ್ತಜ್ಜನ ರೂಪಾಯಿಯನ್ನು ತೆಗೆದು ಅದರ ಪಕ್ಕದಲ್ಲಿ ಇದನ್ನಿಟ್ಟೆ. ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಕೈ ಬರಲಿಲ್ಲ, ಅಷ್ಟೆ.

ಮುಂಜಾನೆ ಹುಡುಗನೇ ಮೊದಲು ಬಂದ. ನಾನು ಏನನ್ನೂ ಕೇಳಲಿಲ್ಲ; ನಾಣ್ಯವನ್ನು ಮೇಜಿನ ಮೇಲಿಟ್ಟು ಅವನ ಮುಖವನ್ನು ನೋಡಿದೆ. ಅವನು ತಲೆ ಕೆಳಗೆ ಹಾಕಿ, "ತಪ್ಪಾತ್ರಿ ಸರ್" ಎಂದ. ಕುದಿಸಿದ ಮೊಟ್ಟೆಯ ಹಳದಿಯನ್ನು ಮುರಿದು, ಅದರೊಡನೆ ನಾಣ್ಯವನ್ನು ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದನಂತೆ. ಮೊಟ್ಟೆಯಲ್ಲಿ ಗಂಧಕವಿದೆ ಎಂಬುದನ್ನು ಅವನಿಗೆ ಎಂಟನೆಯ ಇಯತ್ತೆಯಲ್ಲಿ ಕಲಿಸಿದವನು ನಾನೇ. ಅದಕ್ಕೂ ದೊಡ್ಡ ತಪ್ಪು ನನ್ನದಿತ್ತು. ನಿವೃತ್ತನಾಗುವ ವರ್ಷ ಮುತ್ತಜ್ಜನ ರೂಪಾಯಿಯನ್ನು ತರಗತಿಗೆ ಒಯ್ದು ಮಕ್ಕಳಿಗೆ ತೋರಿಸಿ, ಹೀಗೆ ಬಣ್ಣ ಬಂದ ನಾಣ್ಯಕ್ಕೆ ಅಮೆರಿಕದಲ್ಲಿ ಹತ್ತು ಪಟ್ಟು ಬೆಲೆಯೆಂದು ಹೇಳಿದ್ದೆ. ಬೆಲೆ ಹೇಳಿದ್ದೆ, ಸುಳ್ಳು ಬಣ್ಣದ ಮಾತನ್ನು ಎತ್ತಿರಲೇ ಇಲ್ಲ. ಘಂಟೆ ಬಾರಿಸಿತ್ತೋ ಏನೋ.

ಹುಡುಗನ ಅಂಜಿಕೆ ಮಾತ್ರ ಬಣ್ಣದ್ದಲ್ಲ. ಅವರ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಆ ಕೆಲಸವನ್ನು ಅವನು ಹೊಲದ ಗುಡಿಸಲಲ್ಲಿ ಮಾಡಿದ್ದ. ಆ ರೂಪಾಯಿಯೋ ಜಗಲಿಯ ಮೇಲಿನ ಲಕ್ಷ್ಮಿ. "ಬಣ್ಣಾ ಸುಳ್ಳಂತ ಹೇಳ್ರಿ ಸರ್. ತತ್ತಿ ಸುದ್ದಿ ಅಜ್ಜಿಗೆ ಹೇಳಬ್ಯಾಡ್ರಿ. ಆಕಿ ತಾಳೂದಿಲ್ಲ" ಎಂದು ಕಣ್ಣಲ್ಲಿ ನೀರು ತಂದ. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅಜ್ಜಿ ಹಿತ್ತಲಲ್ಲಿ ಹಸನು ಮಾಡಿದ ಜೋಳವನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ನಾಣ್ಯವನ್ನು ಕೈಗಿಟ್ಟು, "ಯವ್ವಾ, ಈ ಬಣ್ಣ ತಾನಾಗಿ ಬಂದದ್ದಲ್ಲ, ಚೀಟಿ ಬರಿಯಾಕ ಬರೂದಿಲ್ಲ. ಬೆಳ್ಳಿ ಬೆಲಿಗಿಂತ ತುಸು ಹೆಚ್ಚಿಗಿ ಬರಬಹುದು, ಅಷ್ಟ" ಎಂದೆ. ಆಮೇಲೆ, ನನ್ನ ಪರೀಕ್ಷೆಯ ಜಾಣತನಕ್ಕೆ ಒಂದು ಸಾಕ್ಷಿ ಇರಲೆಂದು, "ಇದನ್ನ ಕಡೀಕ ಯಾವಾಗ ತೊಳದಿದ್ರಿ?" ಎಂದು ಕೇಳಿದೆ.

"ಹೋದ ದೀಪಾವಳಿ ಅಮಾಸಿಗೆ. ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದ್ದೆ. ಬೆಳ್ಳಗ ಹಾಲಾಗಿತ್ತು."

ಎಂಟು ತಿಂಗಳು. ನಮ್ಮ ಒಣ ಹವೆಯಲ್ಲಿ, ದೇವರ ಜಗಲಿಯ ಮೇಲೆ, ಎಂಟು ತಿಂಗಳಲ್ಲಿ ಬೆಳ್ಳಿ ತುಸು ಹಳದಿಗಟ್ಟೀತು, ನವಿಲಾಗದು. ರಾತ್ರಿಯೆಲ್ಲ ಭೂತಗನ್ನಡಿಯಲ್ಲಿ ಹುಡುಕಿದ್ದು ಈ ಒಂದು ಪ್ರಶ್ನೆಯಿಂದ ತಿಳಿಯಬಹುದಿತ್ತು. ಹಿಂದಿನ ಸಂಜೆಯೇ ಕೇಳಲು ನನಗೆ ಹೊಳೆದಿರಲಿಲ್ಲ.

ಅಜ್ಜಿ ನಾಣ್ಯವನ್ನು ಮೂಗಿನ ಬಳಿಗೆ ಒಯ್ದು, ಮತ್ತೆ ಕೆಳಗಿಳಿಸಿ, ದನಿ ತಗ್ಗಿಸಿ ಹೇಳಿದಳು: "ನನಗೇನ ಮೂಗಿಲ್ಲೇನ್ರಿ ಮಾಸ್ತರ? ಅವ ಕೊಟ್ಟ ಅರಬಿ ಗಂಟ ಬಿಚ್ಚಿದ ಕೂಡಲೆ ತತ್ತಿ ನಾತ ಬಡೀತು. ತತ್ತಿಗೂ ಬಣ್ಣಕ್ಕೂ ಏನ ಸಂಬಂಧ ಅಂತ ತಿಳೀಲಿಲ್ಲ. ನಿಮ್ಮನ್ನ ಕೇಳೋಣಂತನ ಬಂದಿದ್ದೆ. ಅವ ಕಟ್ಟಿ ಮ್ಯಾಲ ಕುಂತಿದ್ದ, ಬಾಯಿ ಬಿಡಲಿಲ್ಲ."

ನಾನು ಗಂಧಕದ ಸಂಗತಿಯನ್ನು ಹೇಳಿದೆ. ಕಂಬಳಿಯ ರೂಪಾಯಿಯ ಕಥೆಯನ್ನೂ ಹೇಳಿದೆ. ಅವಳು ಕೇಳಿದಳು, ಹೂಂಗುಟ್ಟಿದಳು. ಕೊನೆಗೆ, "ಹಂಗಾದರ ನಿಮ್ಮ ಮುತ್ತ್ಯಾ ಅದನ್ನ ಒಂದ ದೀಪಾವಳಿಗೂ ಪೂಜಿಗೆ ಇಡಲಿಲ್ಲೇನು?" ಎಂದು ಕೇಳಿದಳು. ಇಡಲಿಲ್ಲವೆಂದೆ. "ಪಾಪ" ಎಂದಳು. ಯಾರಿಗೆ ಪಾಪವೆಂದಳೋ ತಿಳಿಯಲಿಲ್ಲ, ಮುತ್ತಜ್ಜನಿಗೋ ರೂಪಾಯಿಗೋ.

ಫೀಯ ಹಣ ಬೇರೊಂದು ಕಡೆಯಿಂದ ಹೊಂದಿತು. ಅದು ಇಲ್ಲಿಯ ಮಾತಲ್ಲ. ಅಜ್ಜಿ ಅಲ್ಲಿಯೇ ಮೊಮ್ಮಗನನ್ನು ಕೂಗಿ ಅಡಿಗೆಮನೆಯಿಂದ ಹುಣಿಸೆಹಣ್ಣನ್ನೂ ಒಲೆಯಿಂದ ಬೂದಿಯನ್ನೂ ತರಲು ಹೇಳಿದಳು. ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಜೋಳದ ಚೀಲವನ್ನು ನೋಡುತ್ತಿದ್ದೆ. ಒಗೆಯುವ ಕಲ್ಲಿನ ಮುಂದೆ ಕುಳಿತು ಅವಳು ತಿಕ್ಕತೊಡಗಿದಳು. ಮೊದಲು ನೀಲಿ ಹೋಯಿತು, ಆಮೇಲೆ ನೇರಳೆ. ಸಂಗ್ರಾಹಕನಾಗಿ ನಾನು ತಡೆಯಬೇಕಿತ್ತೇನೋ. ಬೂದಿಯ ಒಂದೊಂದು ಉಜ್ಜಿಗೂ ರಾಣಿಯ ಮುಖ ಇನ್ನಷ್ಟು ಸವೆಯುತ್ತದೆಂದು ನನಗೆ ತಿಳಿಯದೆ ಇರಲಿಲ್ಲ. ನಾನು ತಡೆಯಲಿಲ್ಲ. ಮೊಮ್ಮಗ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ. ಬೆಳ್ಳಿ ಬೆಳ್ಳಗಾದ ಮೇಲೆ ಅಜ್ಜಿ ಅದನ್ನು ಮೂಸಿ ನೋಡಿ, "ಇನ್ನೊಂದಿಷ್ಟ ಹಾಕು" ಎಂದಳು.